ಒಂದೇ ಸಾಲಿನ ಶೆಲ್ಫ್

ಕಳೆದ ವಾರ ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ವುಕೈರ್‌ನ ಒಂದು ಸೂಪರ್ ಮಾರ್ಕೆಟಿನ ಗೋದಾಮಿನಲ್ಲಿ ಕಾರ್ಟನ್ ಕತ್ತರಿಸುವಾಗ ನನ್ನ ಬ್ಲೇಡು ಸ್ವಲ್ಪ ಆಳಕ್ಕೆ ಹೋಯಿತು. ಒಳಗಿದ್ದ ಹಾಲಿನ ಪುಡಿಯ ಪೊಟ್ಟಣವೊಂದು ಹರಿದು, ಪುಡಿ ನನ್ನ ಅಂಗಿಯ ತೋಳಿನ ಮೇಲೆ, ನೆಲದ ಮೇಲೆ ಚೆಲ್ಲಿತು. ಹೊಸ ರಟ್ಟು, ಏಸಿಯ ತಂಪು, ಸಿಹಿಯಾದ ಆ ಪುಡಿ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ನಾನು ಕಾರ್ಟನ್ನುಗಳ ನಡುವೆ ನೆಲದ ಮೇಲೆ ಕೂತುಬಿಟ್ಟೆ. ಜೊತೆಗಿದ್ದ ನೇಪಾಳದ ಹುಡುಗ ಬಿಸಿಲಿನ ಸುಸ್ತು ಎಂದುಕೊಂಡು ನೀರು ತಂದುಕೊಟ್ಟ. ಅದು ಬಿಸಿಲಿನದ್ದಲ್ಲ. ಅದು ಗಡಿ ಮುಚ್ಚಿದ ವರ್ಷದ ರಂಜಾನ್ ತಿಂಗಳಿನ ವಾಸನೆ.

ನನ್ನ ಕೆಲಸಕ್ಕೆ ಕಂಪನಿಯ ಕಾರ್ಡಿನಲ್ಲಿ ಮರ್ಚಂಡೈಸರ್ ಎಂದು ಬರೆದಿದೆ. ಊರಿನಲ್ಲಿ ಕೇಳಿದವರಿಗೆ ಶೆಲ್ಫ್ ತುಂಬಿಸುವ ಕೆಲಸ ಎನ್ನುತ್ತೇನೆ. ಇಂಡಸ್ಟ್ರಿಯಲ್ ಏರಿಯಾದ ರೂಮಿನಿಂದ ಬೆಳಿಗ್ಗೆ ಕಂಪನಿಯ ವ್ಯಾನು ನಮ್ಮನ್ನು ಒಂದೊಂದು ಅಂಗಡಿಯಲ್ಲಿ ಇಳಿಸಿ ಹೋಗುತ್ತದೆ. ಗಿರಾಕಿ ಒಂದು ಡಬ್ಬ ತೆಗೆದರೆ ಶೆಲ್ಫ್ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಹಿಂದಿನದನ್ನು ಮುಂದಕ್ಕೆಳೆದು, ಲೇಬಲ್ ನೇರ ಮಾಡಿ ನಿಲ್ಲಿಸಬೇಕು. ಮಾಲು ಕಡಿಮೆ ಇದ್ದಾಗ ಹಿಂದೆ ಖಾಲಿ ಕಾರ್ಟನ್ ಇಟ್ಟು, ಅದರ ಮುಂದೆ ಒಂದೇ ಒಂದು ಸಾಲು ಜೋಡಿಸುತ್ತೇವೆ. ಎದುರು ನಿಂತವರಿಗೆ ಶೆಲ್ಫ್ ಗಟ್ಟಿಯಾಗಿ ತುಂಬಿದೆ. ಇದನ್ನು ಮೋಸ ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಟೋಪಿ ಹಾಕಿಕೊಂಡು ಬೋಳು ಮುಚ್ಚುವ ಹಾಗೆ, ಅಷ್ಟೇ.

ನನ್ನ ತಂಗಿ ವನಿತಾ ಆಗ ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ನಾನು ಏಳನೆಯಲ್ಲಿ ಫೇಲಾದವನು. ಅವಳನ್ನು ಓದಿಸಲಿಕ್ಕೆ ನಾನು ಶಾಲೆ ಬಿಟ್ಟೆ ಎಂದು ನೆಂಟರು ಹೇಳುವುದುಂಟು. ಅದು ನಿಜವಲ್ಲ. ಲೆಕ್ಕ ತಲೆಗೆ ಹತ್ತದೆ ಬಿಟ್ಟು ಮುಂಬಯಿಯ ಹೋಟೆಲಿಗೆ ಓಡಿದೆ. ಆದರೂ ನೆಂಟರು ಹಾಗೆ ಹೇಳುವಾಗ ನಾನು ತಿದ್ದಲಿಲ್ಲ. ಸುಮ್ಮನಿದ್ದು ಒಳ್ಳೆಯವನಾಗುವ ಅಭ್ಯಾಸ ನನಗೆ ಆಗಿನಿಂದಲೇ ಇತ್ತು ಎಂದು ಈಗ ಅನಿಸುತ್ತದೆ.

ಶುಕ್ರವಾರ ರಜೆ. ಅಲ್ ವುಕೈರ್‌ನ ಅವಳ ಫ್ಲ್ಯಾಟಿಗೆ ಊಟಕ್ಕೆ ಹೋಗುತ್ತಿದ್ದೆ. ಭಾವ ಹರೀಶ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟಿನ ಕೆಲಸದವರು, ಅಲ್ಲಿಯೇ ಹತ್ತಿರದ ಕ್ಯಾಂಪಿನಲ್ಲಿ ಇದ್ದು ವಾರಕ್ಕೊಮ್ಮೆ ಬರುವವರು. ಅವರು ಇರಲಿ ಇಲ್ಲದಿರಲಿ, ವನಿತಾ ಇಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರದ ಪಾಠವನ್ನು ಮೊದಲು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಣ್ಣ, ನಿನಗೆ ಅರ್ಥ ಆದ್ರೆ ಒಂಬತ್ತನೇ ಕ್ಲಾಸಿಗೆ ಖಂಡಿತ ಅರ್ಥ ಆಗ್ತದೆ.”

“ಹೊಗಳುದಾ, ಬೈಯುದಾ?”

“ಎರಡೂ. ಈಗ ಹೇಳು, ಇವತ್ತು ಇಲ್ಲಿಗೆ ಬಾರದಿದ್ರೆ ಎಂತ ಮಾಡ್ತಿದ್ದಿ?”

“ರೂಮಲ್ಲಿ ಸಮಾ ನಿದ್ದೆ.”

“ಹಾಂ. ಆ ನಿದ್ದೆಯೇ ಈ ಊಟಕ್ಕೆ ನೀನು ಕೊಟ್ಟ ಬೆಲೆ. ಒಂದನ್ನು ಆರಿಸಿದಾಗ ಅದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡ್ತೇವಲ್ಲ, ಅದು ಅವಕಾಶ ವೆಚ್ಚ.”

“ಹಾಗಾದ್ರೆ ನಿನ್ನ ಈ ಬಂಗುಡೆ ಸಾರು ಭಾರೀ ದುಬಾರಿ ಮಾರಾಯ್ತಿ. ಉಪ್ಪು ಬೇರೆ ಕಮ್ಮಿ.”

ಅವಳು ನಗುತ್ತಾ ಸೌಟು ಎತ್ತಿಕೊಂಡು ಬರುತ್ತಿದ್ದಳು. ನನ್ನ ತೊಡೆಯ ಮೇಲೆ ಅವಳ ಮಗಳು ಸಾನ್ವಿ, ಆಗ ಏಳು ತಿಂಗಳು. ಆ ಮಗುವಿಗೆ ದನದ ಹಾಲು ಆಗುತ್ತಿರಲಿಲ್ಲ. ಕುಡಿದರೆ ಮೈಯೆಲ್ಲ ಕೆಂಪು ಗುಳ್ಳೆ, ವಾಂತಿ, ಕಕ್ಕಸಿನಲ್ಲಿ ರಕ್ತ. ವನಿತಾ ಶಾಲೆಗೆ ಮರಳಿದ ಮೇಲೆ ಎದೆಹಾಲೂ ನಿಂತುಹೋಗಿತ್ತು. ಡಾಕ್ಟರು ಬರೆದುಕೊಟ್ಟ ಒಂದೇ ಒಂದು ಬಗೆಯ ಪುಡಿ ಮಾತ್ರ ಅದಕ್ಕೆ ಒಗ್ಗುತ್ತಿತ್ತು. ನಾನು ಶೆಲ್ಫ್ ನೋಡಿಕೊಳ್ಳುತ್ತಿದ್ದ ಅಂಗಡಿಯಲ್ಲಿಯೇ ಆ ಡಬ್ಬವೂ ಬರುತ್ತಿತ್ತು, ನನ್ನ ಕಂಪನಿಯ ಮೂಲಕವೇ. ಹಾಗಾಗಿ ಆ ವಿಷಯದಲ್ಲಿ ನಮಗೆ ಯಾವ ಚಿಂತೆಯೂ ಇರಲಿಲ್ಲ.

ಆ ವರ್ಷ ರಂಜಾನ್ ಬಂದದ್ದು ಸುಡುವ ಬೇಸಿಗೆಯಲ್ಲಿ. ಬೆಳಿಗ್ಗೆಯೇ ಗಾಳಿ ಒಲೆಯ ಬಾಯಿಯಿಂದ ಬಂದ ಹಾಗೆ. ಒಂದು ಸೋಮವಾರ ನಾವು ವ್ಯಾನಿನಲ್ಲಿದ್ದಾಗಲೇ ಎಲ್ಲರ ಮೊಬೈಲುಗಳು ಒಟ್ಟಿಗೆ ಟಿಣ್ ಟಿಣ್ ಎನ್ನತೊಡಗಿದವು. ನೆರೆಯ ದೇಶಗಳು ಗಡಿ ಮುಚ್ಚಿದ್ದವು. ನಮಗೆ ರಾಜಕೀಯ ಅರ್ಥವಾಗಲಿಲ್ಲ. ಆದರೆ ಹಾಲು, ಮೊಸರು, ಕೋಳಿ ಯಾವ ರಸ್ತೆಯಿಂದ ಲಾರಿಯಲ್ಲಿ ಬರುತ್ತದೆಂದು ನಮ್ಮಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಅಂಗಡಿ ತಲುಪುವಾಗ ಒಂದು ಟ್ರಾಲಿಯೂ ಉಳಿದಿರಲಿಲ್ಲ. ಜನ ಮಕ್ಕಳ ಸ್ಟ್ರಾಲರಿನಲ್ಲಿ ಮಗುವಿನ ಬದಲು ನೀರಿನ ಬಾಟಲಿ ತುಂಬಿಸುತ್ತಿದ್ದರು. ಹಾಲಿನ ಶೆಲ್ಫ್ ಅಷ್ಟು ಬೆಳ್ಳಗೆ, ಅಷ್ಟು ಬತ್ತಲಾಗಿ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಸೂಪರ್‌ವೈಸರ್ ಕೋಯಾ ಕೇರಳದವರು, ಸಮಾಧಾನದ ಮನುಷ್ಯ. ಅವತ್ತು ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮನ್ನೆಲ್ಲ ಗೋದಾಮಿನಲ್ಲಿ ಸೇರಿಸಿ ಹೇಳಿದರು: “ಖಾಲಿ ಜಾಗ ಕಣ್ಣಿಗೆ ಬಿದ್ದರೆ ಜನ ಇನ್ನೂ ಹೆದರ್ತಾರೆ. ಇದ್ದದ್ದನ್ನೆಲ್ಲ ಮುಂದಕ್ಕೆ ಎಳೀರಿ. ಸ್ಟಾಕ್ ಎಷ್ಟಿದೆ ಅಂತ ಯಾರು ಕೇಳಿದ್ರೂ ಬೇಕಾದಷ್ಟಿದೆ ಅನ್ನಿ. ನಾಳೆ ಹಡಗಿನಲ್ಲಿ ಬರ್ತದೆ. ಯಲ್ಲಾ, ಬೇಗ ಬೇಗ.”

ನಾಳೆ ಬರುತ್ತದೆ ಎಂದು ಅವರು ನಂಬಿದ್ದರು. ನಾನೂ ಅರ್ಧ ನಂಬಿದೆ. ಸಾನ್ವಿಯ ಡಬ್ಬಗಳ ಜಾಗಕ್ಕೆ ಬಂದು ನೋಡಿದರೆ ಉಳಿದಿದ್ದವು ಕೆಲವೇ ಡಬ್ಬಗಳು. ಹಿಂದೆ ಖಾಲಿ ಕಾರ್ಟನ್ ಒತ್ತಿ, ಮುಂದೆ ಒಂದೇ ಸಾಲು ನಿಲ್ಲಿಸಿದೆ. ಎಲ್ಲ ಲೇಬಲ್ಲುಗಳೂ ಸೈನಿಕರ ಹಾಗೆ ನೇರ. ದೂರ ನಿಂತು ನೋಡಿದೆ. ನನಗೇ ನಂಬಿಕೆ ಬರುವಷ್ಟು ಚಂದ ಇತ್ತು.

ಅಷ್ಟರಲ್ಲಿ ವನಿತಾಳ ಫೋನು ಬಂತು. ಶಾಲೆಯ ಬಿಡುವಿನಲ್ಲಿದ್ದಳು. ಮಕ್ಕಳೆಲ್ಲ ಗಾಬರಿಯಲ್ಲಿದ್ದಾರೆ, ಇಂಥ ಹೊತ್ತಿನಲ್ಲೇ ಬೇಡಿಕೆ, ಪೂರೈಕೆ, ಕೊರತೆ ಎಲ್ಲವನ್ನೂ ಕಲಿಸಬಹುದು ಎಂದು ಅವಳಿಗೆ ಉತ್ಸಾಹ.

“ಅಣ್ಣ, ನಿನ್ನ ಕಡೆ ತುಂಬಿದ ಶೆಲ್ಫ್ ಯಾವುದಾದ್ರೂ ಉಂಟಾ? ಒಂದು ಫೋಟೋ ಕಳಿಸು. ಮಕ್ಕಳಿಗೆ ತೋರಿಸ್ಬೇಕು.”

ನಾನು ಆ ಡಬ್ಬಗಳ ಫೋಟೋ ತೆಗೆದು ಕಳಿಸಿದೆ.

ಸಂಜೆ ಅವಳೇ ಅಂಗಡಿಗೆ ಬಂದಳು, ಮಗುವನ್ನು ಎದೆಗೆ ಕಟ್ಟಿಕೊಂಡು. ಮುಖ ಅರಳಿತ್ತು. ಕ್ಲಾಸಿನಲ್ಲಿ ಆ ಫೋಟೋವನ್ನು ದೊಡ್ಡ ಪರದೆಯ ಮೇಲೆ ಹಾಕಿದ್ದಳಂತೆ. ಪೂರೈಕೆ ಸ್ವಲ್ಪ ತಗ್ಗಬಹುದು, ಆದರೆ ನಾಳೆ ಸಿಗುವುದಿಲ್ಲ ಎಂಬ ಹೆದರಿಕೆಯಿಂದ ಎಲ್ಲರೂ ಇವತ್ತೇ ನಾಲ್ಕು ಪಾಲು ಕೊಂಡರೆ, ಇಲ್ಲದ ಕೊರತೆ ನಿಜವಾಗಿ ಹುಟ್ಟುತ್ತದೆ. ನಿಮ್ಮ ತಾಯಂದಿರಿಗೆ ಹೇಳಿ, ಬೇಕಾದಷ್ಟೇ ತನ್ನಿ, ಇಲ್ಲಿ ನೋಡಿ ಶೆಲ್ಫ್ ತುಂಬಿದೆ, ಎಂದು ಕಲಿಸಿದ್ದಳು.

“ಇದು ನನ್ನ ಅಣ್ಣ ಜೋಡಿಸಿದ್ದು ಅಂತ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು ಮಾರಾಯ. ಒಬ್ಬ ಕೇಳಿದ, ಮ್ಯಾಮ್, ನಿಮ್ಮ ಬ್ರದರ್ ಎಂಜಿನಿಯರಾ ಅಂತ.”

ಶಾಲೆಯ ಕೋಣೆಯೊಂದರಲ್ಲಿ ನನಗೆ ಚಪ್ಪಾಳೆ! ನನಗೆ ಶಾಲೆ ಎಂದರೆ ಹೊರಗೆ ಮೊಣಕಾಲೂರಿ ನಿಲ್ಲುವ ಜಗಲಿಯಾಗಿತ್ತು. ಎದೆ ಉಬ್ಬಿತು. ಆ ಕ್ಷಣದಲ್ಲಿ ಅದನ್ನು ಒಡೆಯುವ ಧೈರ್ಯ ನನಗೆ ಬರಲಿಲ್ಲ. ಇಷ್ಟೇ ನನ್ನ ಕಾರಣ. ಕೋಯಾ ಹೇಳಬೇಡ ಎಂದದ್ದು ಕಾರಣವಲ್ಲ. ಕೋಯಾ ಅಲ್ಲಿ ಇರಲೂ ಇಲ್ಲ.

ಅವಳು ಶೆಲ್ಫಿನಿಂದ ಎರಡು ಡಬ್ಬ ತೆಗೆದಳು. ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

“ಮನೇಲಿ ಅರ್ಧ ಡಬ್ಬ ಉಂಟು. ಎರಡು ಬೇಕಾ? ಸ್ಟಾಕ್ ಉಂಟಲ್ಲ?”

“ಬೇಕಾದಷ್ಟು ಉಂಟು,” ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ತಮಾಷೆ ಮಾಡಿದೆ. “ನೀನೇ ಹೆದರಿ ಎರಡೆರಡು ತಕ್ಕೊಂಡ್ರೆ ಟೀಚರಮ್ಮನ ಪಾಠ ಸುಳ್ಳಾಗ್ತದೆ ಮತ್ತೆ!”

ಅವಳು ನಕ್ಕಳು. “ಅದೂ ಹೌದು. ಇನ್ನೊಬ್ಬಳಿಗೂ ಮಗು ಇರ್ತದಲ್ಲ,” ಎನ್ನುತ್ತಾ ಒಂದನ್ನು ವಾಪಸ್ ಇಟ್ಟಳು. ಅದು ಸ್ವಲ್ಪ ಓರೆಯಾಗಿ ಕೂತಿತು. ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಅದರ ಲೇಬಲ್ ನೇರ ಮಾಡಿತು.

ಅವಳು ಹೋದ ಮೇಲಾದರೂ ಎರಡು ಡಬ್ಬ ತೆಗೆದು ಗೋದಾಮಿನಲ್ಲಿ ಬಚ್ಚಿಡಬಹುದಿತ್ತು. ನಾಳೆ ಇಡುತ್ತೇನೆ ಎಂದುಕೊಂಡೆ. ಮರುದಿನ ನನ್ನನ್ನು ವಕ್ರಾದ ಇನ್ನೊಂದು ಅಂಗಡಿಗೆ ನೀರಿನ ಬಾಟಲಿಗಳ ಕಡೆ ಹಾಕಿದರು. ಅದರ ಮರುದಿನ ವಾಪಸ್ ಬಂದಾಗ ಆ ಜಾಗದಲ್ಲಿ ನನ್ನ ಖಾಲಿ ಕಾರ್ಟನ್ ಒಂದೇ ನಿಂತಿತ್ತು. ಒಬ್ಬರೇ ಬಂದು ಇಡೀ ಸಾಲನ್ನು ಟ್ರಾಲಿಗೆ ಸುರಿದುಕೊಂಡು ಹೋದರು ಎಂದು ಅಂಗಡಿಯ ಹುಡುಗನೊಬ್ಬ ಹೇಳಿದ. ಹಡಗು ಬಂದಿರಲಿಲ್ಲ.

ನಾನು ಆಗಲೂ ವನಿತಾಳಿಗೆ ಹೇಳಲಿಲ್ಲ. ಸಿಗುತ್ತದೆ, ನಾನೇ ತಂದುಕೊಡುತ್ತೇನೆ, ಅವಳಿಗೆ ಗೊತ್ತಾಗುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ. ಕೆಲಸ ಮುಗಿಸಿ ಅದೇ ಯೂನಿಫಾರ್ಮಿನಲ್ಲಿ ಫಾರ್ಮಸಿಗಳನ್ನು ಹತ್ತಿ ಇಳಿದೆ. ವಕ್ರಾ, ನಜ್ಮಾ, ಮನ್ಸೂರಾ, ಮುಂತಝಾ. ರಂಜಾನ್ ಉಪವಾಸದ ಸುಸ್ತಿನಲ್ಲಿದ್ದ ಅಂಗಡಿಯವರು ಡಬ್ಬದ ಫೋಟೋ ನೋಡುವ ಮೊದಲೇ ಕೈಯಾಡಿಸುತ್ತಿದ್ದರು. “ಮಾಫಿ. ಖಲಾಸ್.” ಇಲ್ಲ, ಮುಗಿದುಹೋಗಿದೆ. ನಾನು ತೋರಿಸುತ್ತಿದ್ದದ್ದು ವನಿತಾಳ ಕ್ಲಾಸಿಗೆ ಕಳಿಸಿದ ಅದೇ ಫೋಟೋ. ಒಬ್ಬ ಈಜಿಪ್ಟಿನ ಫಾರ್ಮಸಿಸ್ಟ್ ಅದನ್ನು ದಿಟ್ಟಿಸಿ ನೋಡಿ, “ಇಷ್ಟೊಂದು ಇದೆಯಲ್ಲ, ಇದು ಯಾವ ಅಂಗಡಿ? ಅಲ್ಲಿಗೇ ಹೋಗು,” ಎಂದ. ನಾನು ಫೋನು ಕಿಸೆಗೆ ಹಾಕಿ ಹೊರಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಫುಟ್‌ಪಾತಿನ ಮೇಲೆ ನಿಂತು ಅತ್ತೆ.

ವನಿತಾಳ ಡಬ್ಬ ತಳಕ್ಕೆ ಬಂದ ದಿನ ಅವಳು ತಾನೇ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದಳು. ನಾನು ಅವಳ ಮನೆಗೆ ಹೋದಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಾಲು ನೀರಿನಷ್ಟು ತೆಳ್ಳಗಿತ್ತು.

“ಇದ್ದದ್ದನ್ನೇ ಹೆಚ್ಚು ಸಲ ಹಂಚಬೇಕಲ್ಲ,” ಎಂದಳು. ಕ್ಲಾಸಿನಲ್ಲಿ ಸೀಮಿತ ಸಂಪನ್ಮೂಲ ಎಂದು ಅವಳು ಕಲಿಸುತ್ತಿದ್ದದ್ದು ಇದನ್ನೇ. ಮಗು ಅದನ್ನು ಕುಡಿದು, ಬಾಟಲಿಯನ್ನು ದೂಡಿ, ಹಸಿವಿನಿಂದ ಕಿರುಚಿತು. ಗಂಜಿಯ ತಿಳಿ ಕೊಟ್ಟಳು. ಅದನ್ನೂ ಉಗುಳಿತು. ಅಳಲು ಶಕ್ತಿ ಸಾಲದೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ನರಳತೊಡಗಿದ ಮೇಲೆ ನಾನು ಮತ್ತೆ ಹೊರಗೆ ಓಡಿದೆ. ಒಂದು ಫಾರ್ಮಸಿಯವನು ಬೇರೆಯದೊಂದು ಡಬ್ಬ ಕೊಟ್ಟು, “ಹೆಚ್ಚು ಕಡಿಮೆ ಅದೇ, ಕೆಲವು ಮಕ್ಕಳಿಗೆ ಆಗ್ತದೆ,” ಎಂದ.

ವನಿತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಹಾ ಇಲ್ಲದಿದ್ದರೆ ಕಾಫಿ, ಅದು ಬದಲಿ ಸರಕು ಎಂದು ಒಮ್ಮೆ ನನಗೆ ಹೇಳಿಕೊಟ್ಟಿದ್ದಳು. “ಇದು ಬದಲಿ ಆಗ್ತದಾ ಅಣ್ಣ?” ಎಂದು ಕೇಳಿದಳು. ಏಳನೇ ಕ್ಲಾಸಿನಲ್ಲಿ ಫೇಲಾದವನ ಹತ್ತಿರ ಕೇಳಿದಳು! ಅಷ್ಟು ಕಂಗೆಟ್ಟಿದ್ದಳು.

“ಆಗ್ತದಂತೆ,” ಎಂದೆ.

ಆಗಲಿಲ್ಲ. ಮಗು ವಾಂತಿ ಮಾಡಿ ಮಾಡಿ ಕಣ್ಣು ಮೇಲೆ ಸಿಕ್ಕಿಸಿತು. ತುಟಿ ಒಣಗಿ ಸಿಪ್ಪೆಯಾಯಿತು. ಬಟ್ಟೆಯಲ್ಲಿ ರಕ್ತ ಕಂಡಿತು. ಕೆಳಗಿನ ಮನೆಯ ಮಲಯಾಳಿ ಗಂಡಸು ತನ್ನ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ. ನರ್ಸು ಸೂಜಿ ಚುಚ್ಚಲು ನರ ಹುಡುಕಿ, ಸಿಗದೆ, ಕೊನೆಗೆ ತಲೆಯಲ್ಲಿ ಚುಚ್ಚಿದಳು. ಅಷ್ಟು ಸಣ್ಣ ತಲೆಯಲ್ಲಿ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ವನಿತಾ ಮಗುವಿನ ಒಂದು ಸಾಕ್ಸನ್ನು ಹಿಡಿದು ಕೂತಿದ್ದಳು. ನಾನು ಪಕ್ಕದಲ್ಲಿ.

“ನನ್ನ ಕೈಯಲ್ಲಿತ್ತು ಅಣ್ಣ,” ಎಂದಳು. “ಎರಡನೇ ಡಬ್ಬ. ಕೈಯಲ್ಲಿ ಹಿಡಿದಿದ್ದೆ. ನಾನೇ ವಾಪಸ್ ಇಟ್ಟೆ. ಕ್ಲಾಸಲ್ಲಿ ಹೇಳಿದ್ದು ಸರಿ ಆಗ್ಬೇಕು ಅಂತ ನನ್ನ ಮಗುವಿನ ಬಾಯಿಂದ ತೆಗೆದಿಟ್ಟೆ.”

ಆಗ ಹೇಳಬೇಕಾಗಿತ್ತು. ಶೆಲ್ಫಿನ ಹಿಂದೆ ಏನೂ ಇರಲಿಲ್ಲ ವನಿ, ನನಗೆ ಗೊತ್ತಿತ್ತು, ನಿನ್ನ ಪಾಠ ತಪ್ಪಲ್ಲ, ನಿನಗೆ ಕೊಟ್ಟ ಫೋಟೋ ಸುಳ್ಳು, ಎಂದು. ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಬಂದರು. ರಾಸ್ ಲಫಾನ್‌ನಿಂದ ನೇರ ಬಂದಿದ್ದರು, ನೀಲಿ ಕವರಾಲ್, ಬೂಟು, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ. ಗಾಜಿನ ಆಚೆ ಮಗುವನ್ನು ನೋಡಿ ತಿರುಗಿದರು.

“ಊರಿಡೀ ಜನ ತುಂಬಿಸಿಟ್ಕೊಂಡ್ರು. ನೀನು ಒಂದು ಸಾಕು ಅಂತ ಬಂದಿ. ಎಂತ ಟೀಚರ್ ನೀನು? ಯಾರಿಗೆ ಪಾಠ ನಿನ್ನದು?”

ವನಿತಾ ಆ ಸಾಕ್ಸನ್ನು ಮಡಿಚತೊಡಗಿದಳು. ಭಾವ ನನ್ನ ಕಡೆ ತಿರುಗಿ ಧ್ವನಿ ತಗ್ಗಿಸಿದರು. “ನೀವಾದ್ರೂ ಇದ್ರಿ ಭಾವ. ಇಲ್ಲದಿದ್ರೆ ಆಸ್ಪತ್ರೆಗೂ ತರ್ತಿರ್ಲಿಲ್ಲ ಇವಳು.” ನನ್ನ ಹೆಗಲ ಮೇಲೆ ಕೈ ಇಟ್ಟರು.

ನಾನು ಬಾಯಿ ಮುಚ್ಚಿದೆ.

ಮಗು ಬದುಕಿತು. ಆಸ್ಪತ್ರೆಯಲ್ಲಿಯೇ ಅದಕ್ಕೆ ಬೇಕಾದ ಪುಡಿ ಸಿಕ್ಕಿತು. ಕೆಲವು ವಾರಗಳಲ್ಲಿ ಬೇರೆ ದೇಶಗಳಿಂದ ವಿಮಾನದಲ್ಲಿ, ಹಡಗಿನಲ್ಲಿ ಮಾಲು ಬಂದು ನಮ್ಮ ಶೆಲ್ಫುಗಳು ಹಿಂದಿನವರೆಗೂ ತುಂಬಿದವು. ಬೇಸಿಗೆ ರಜೆಯ ನಂತರ ವನಿತಾ ಶಾಲೆಗೆ ಹಿಂತಿರುಗಲಿಲ್ಲ. “ಮಕ್ಕಳ ಮುಖ ನೋಡಿ ಯಾವ ಬಾಯಲ್ಲಿ ಹೇಳಲಿ,” ಎಂದಳು. ಪುಸ್ತಕಗಳನ್ನು ಯಾರಿಗೋ ಕೊಟ್ಟಳು. ಶುಕ್ರವಾರದ ಊಟ ಮುಂದುವರಿಯಿತು, ಪಾಠ ನಿಂತಿತು. ಅದರ ಬದಲು ಅವಳು ಸಾಮಾನಿನ ಹೆಸರು ಹೇಳುತ್ತಿದ್ದಳು, ನಾನು ತರುತ್ತಿದ್ದೆ. ಅಕ್ಕಿ, ಎಣ್ಣೆ, ಹಾಲಿನ ಪುಡಿ, ಸೋಪು. ಒಂದು ಕೋಣೆಯ ಗೋಡೆಗೆ ಕಪಾಟು ಹೊಡೆಸಿದಳು. ಮೊದಲು ಅದು ತುಂಬಿತು, ಆಮೇಲೆ ಮಂಚದ ಅಡಿ. ಮಗಳು ನಡೆದಾಡಿ, ಶಾಲೆಗೆ ಸೇರಿದ ಮೇಲೂ ಡಯಾಪರಿನ ಕಟ್ಟುಗಳು ಅಲ್ಲಿದ್ದವು. ಹೆದರಿಕೆಯಿಂದ ಕೂಡಿಡಬೇಡಿ ಎಂದು ಕಲಿಸಿದವಳ ಮನೆ ಗೋದಾಮಾಯಿತು, ಮಾಲು ಹೊತ್ತು ತಂದವನು ನಾನು. ಬಾಯಿ ಮುಚ್ಚಿ ನಾನು ಉಳಿಸಿಕೊಂಡದ್ದು ಒಂದು ಚಪ್ಪಾಳೆ, ಹೆಗಲ ಮೇಲೆ ಭಾವನ ಒಂದು ಕೈ. ಅದಕ್ಕೆ ಬಿಟ್ಟುಕೊಟ್ಟದ್ದು ಏನೆಂದು ಆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಕಾಣುತ್ತಿತ್ತು. ಆ ಲೆಕ್ಕ ಹೇಳಿಕೊಟ್ಟವಳು ಅವಳೇ.

ಪುಡಿ ಚೆಲ್ಲಿದ ದಿನದ ನಂತರದ ಶುಕ್ರವಾರ ಊಟಕ್ಕೆ ಹೋದೆ. ಸಾನ್ವಿ ಈಗ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು, ಅಗತ್ಯ ಯಾವುದು, ಬಯಕೆ ಯಾವುದು ಎಂದು. ನನ್ನನ್ನು ಆ ಕೋಣೆಗೆ ಎಳೆದುಕೊಂಡು ಹೋದಳು.

“ಮಾಮ, ಇದರಲ್ಲಿ ನೀಡ್ಸ್ ಯಾವ್ದು, ವಾಂಟ್ಸ್ ಯಾವ್ದು? ಅಮ್ಮನ ಹತ್ರ ಕೇಳಿದ್ರೆ ಅಮ್ಮ ಹೇಳೂದೇ ಇಲ್ಲ. ನಂಗೆ ಗೊತ್ತಿಲ್ಲ ಅಂತ ಹೇಳ್ತಾಳೆ.”

ಎಂ.ಎ. ಓದಿದವಳು ನಂಗೆ ಗೊತ್ತಿಲ್ಲ ಎಂದು ಹೇಳಿದ್ದಳು.

ಸಾನ್ವಿಯನ್ನು ಹೊರಗೆ ಕಳಿಸಿದೆ. ಕಪಾಟಿನ ನಡುವಿನ ಹಲಗೆಯ ಹಾಲಿನ ಪುಡಿಯ ಡಬ್ಬಗಳನ್ನೆಲ್ಲ ಕೆಳಗಿಳಿಸಿದೆ. ಮೂಲೆಯಲ್ಲಿದ್ದ ಒಂದು ಖಾಲಿ ಕಾರ್ಟನ್ ಹಿಂದಕ್ಕೆ ಒತ್ತಿ, ಮುಂದೆ ಒಂದೇ ಸಾಲು ನಿಲ್ಲಿಸಿ, ಲೇಬಲ್ಲುಗಳನ್ನು ನೇರ ಮಾಡಿದೆ. ವನಿತಾಳನ್ನು ಕರೆದೆ.

“ಎಂತ ಅಣ್ಣ, ಸಾರು ಒಲೆ ಮೇಲುಂಟು.”

“ಇದನ್ನು ನೋಡು. ಸ್ಟಾಕ್ ಉಂಟಾ?”

“ಕಾಣುದಿಲ್ವಾ? ತುಂಬಿ ಉಂಟು.”

“ಹಿಂದೆ ಕೈ ಹಾಕು.”

ಅವಳು ನನ್ನ ಮುಖ ನೋಡುತ್ತಲೇ ಎರಡು ಡಬ್ಬಗಳ ನಡುವೆ ಕೈ ತೂರಿಸಿದಳು. ಬೆರಳು ರಟ್ಟಿಗೆ ತಾಗಿತು. ಒತ್ತಿದಳು. ಟೊಳ್ಳು ರಟ್ಟು ಒಳಕ್ಕೆ ತಗ್ಗಿದ ಸದ್ದು ಕೇಳಿಸಿತು. ಕೈಯನ್ನು ಹಾಗೆಯೇ ಅಲ್ಲಿಟ್ಟುಕೊಂಡು ನಿಂತಳು.

“ಆ ದಿನ?” ಎಂದಳು.

“ಆ ದಿನವೂ.”

“ನಾನು ಎರಡು ಬೇಕಾ ಅಂತ ಕೇಳಿದಾಗ ನಿನಗೆ ಗೊತ್ತಿತ್ತು?”

“ನಾನೇ ಇಟ್ಟದ್ದು ವನಿ.”

ಅಡಿಗೆಮನೆಯಲ್ಲಿ ಸಾರು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಇಬ್ಬರೂ ಅಲುಗಲಿಲ್ಲ.

“ನಾನು ವಾಪಸ್ ಇಟ್ಟ ಡಬ್ಬದ ಲೇಬಲ್ ಸರಿ ಮಾಡಿದ್ದಿ ನೀನು,” ಎಂದಳು. “ನನಗೆ ನೆನಪುಂಟು. ಎಷ್ಟು ಅಚ್ಚುಕಟ್ಟು ನನ್ನ ಅಣ್ಣ ಅಂದುಕೊಂಡಿದ್ದೆ.”

ಬೈಯಲಿಲ್ಲ, ಅಳಲಿಲ್ಲ. ಡಬ್ಬಗಳನ್ನು ಸರಿಸಿ ಆ ಕಾರ್ಟನ್ ಹೊರಗೆಳೆದಳು. ನೆಲದ ಮೇಲಿಟ್ಟು ಕಾಲಿನಿಂದ ತುಳಿದು ಚಪ್ಪಟೆ ಮಾಡಿ ನನ್ನ ಕೈಗೆ ಕೊಟ್ಟಳು.

“ಇದನ್ನು ತಕ್ಕೊಂಡು ಹೋಗು. ನಾನು ಕರೆಯುವವರೆಗೆ ಬರ್ಬೇಡ.”

ಬಾಗಿಲ ಹತ್ತಿರ ಶೂ ಹಾಕಿಕೊಳ್ಳುವಾಗ ಒಳಗಿನಿಂದ ಅವಳ ಧ್ವನಿ ಕೇಳಿಸಿತು. ಎಷ್ಟೋ ವರ್ಷಗಳಿಂದ ಕೇಳದ, ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವಂಥ ಧ್ವನಿ. “ಸಾನ್ವೀ, ನಿನ್ನ ಆ ಪ್ರಾಜೆಕ್ಟ್ ತಕ್ಕೊಂಡು ಬಾ. ಕೂತ್ಕೋ ಇಲ್ಲಿ. ಮೊದಲು ಅಗತ್ಯ ಅಂದ್ರೆ ಎಂತ, ಹೇಳು ನೋಡುವ.”

ಮುಂದಿನದ್ದನ್ನು ಕೇಳುವ ಆಸೆಯಿಂದ ಸ್ವಲ್ಪ ಹೊತ್ತು ಹೊರಗೆ ನಿಂತೆ. ಒಳಗಿನಿಂದ ಚಿಲಕ ಬಿತ್ತು. ಲಿಫ್ಟ್ ಬಂತು. ಚಪ್ಪಟೆಯಾದ ಆ ಕಾರ್ಟನ್ ಈಗ ನನ್ನ ರೂಮಿನಲ್ಲಿ ಮಂಚದ ಹಿಂದೆ, ಗೋಡೆಗೆ ಒರಗಿಕೊಂಡಿದೆ. ಇವತ್ತು ಮತ್ತೆ ಶುಕ್ರವಾರ. ಫೋನು ಎದುರಿಗೇ ಇಟ್ಟುಕೊಂಡಿದ್ದೇನೆ.